ಸೂತಕದೊಳಗಿನ ಎರಡು ಸೋಮವಾರ

ಅಂದು ಕೊಟ್ಟಿಗೆ ಬಾಚಿದೆ, ಎರಡು ಎಮ್ಮೆ ಕರೆದೆ, ಹೊಳೆಯಿಂದ ನಾಲ್ಕು ಬಿಂದಿಗೆ ನೀರು ತಂದೆ, ಹುರುಳಿ ಬೇಯಿಸಿಟ್ಟೆ, ಮೈದುನನ ಬಿಳಿ ಅಂಗಿಗೆ ಬಿದ್ದುಹೋಗಿದ್ದ ಗುಂಡಿ ಹೊಲಿದೆ. ಆ ಅಂಗಿ ತೊಟ್ಟೇ ಅವನು ಹೊಳೆನರಸೀಪುರದ ಕೋರ್ಟಿಗೆ ಹೊರಟ. ಜೊತೆಗೆ ನಾನೂ ಯಜಮಾನರೂ. ಅವನ ಹೆಂಡತಿ ಬಸುರಿ, ಮನೆಯಲ್ಲೇ ಉಳಿದಳು.

ಯುದ್ಧದ ಕಾಲ. ಹಿಂದಿನ ಸುಗ್ಗಿಯಲ್ಲಿ ಅವನು ಬೇರೆಯವರ ಕಣದಿಂದ ಒಂದು ಮೂಟೆ ಭತ್ತ ಹೊತ್ತು ತಂದು ಸಿಕ್ಕಿಬಿದ್ದಿದ್ದ. ಮೊದಲ ತಪ್ಪು ಅಂತ ಮ್ಯಾಜಿಸ್ಟ್ರೇಟರು ಜೈಲಿಗೆ ಹಾಕದೆ, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದರು. ಒಂದು ವರ್ಷ ನೆಟ್ಟಗಿರಬೇಕು, ಸೋಮವಾರ ಸೋಮವಾರ ಠಾಣೆಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಹತ್ತು ತಿಂಗಳು ಒಂದು ವಾರವೂ ತಪ್ಪಿಸಲಿಲ್ಲ. ಆಮೇಲೆ ನಮ್ಮತ್ತೆ ತೀರಿಕೊಂಡರು. ಸೂತಕದ ಹನ್ನೊಂದು ದಿನದೊಳಗೆ ಎರಡು ಸೋಮವಾರ ಬಂದವು.

"ಠಾಣೇಲಿ ದೇವ್ರ ಪಟ ಅದೆ ಕಣಪ್ಪ. ಸೂತ್ಕದ ಕೈಲಿ ಬುಕ್ ಮುಟ್ಟಿ ಇನ್ನೊಬ್ರಿಗೆ ಮೈಲ್ಗೆ ಮಾಡ್ಬ್ಯಾಡ. ತಿಥಿ ಕಳೀಲಿ, ಓಗಿವಂತೆ" ಎಂದವಳು ನಾನು.

ತಿಥಿ ಕಳೆದು ಅವನು ಹೋಗುವಷ್ಟರಲ್ಲಿ ಠಾಣೆಯವರು ಕೋರ್ಟಿಗೆ ಬರೆದಾಗಿತ್ತು.

ಕೋರ್ಟಿನ ಜಗಲಿಯಲ್ಲಿ ಅರ್ಜಿ ಬರೆಯುವ ಮುದುಕರೊಬ್ಬರು ಕೂತಿದ್ದರು. ಯಜಮಾನರು ಅವರನ್ನು ಕೇಳಿದರು: "ಹತ್ತು ತಿಂಗ್ಳು ಕಳ್ದದೆ ಸಾ. ಮಿಕ್ಕ ಎಲ್ಡು ತಿಂಗ್ಳು ತಾನೆ ಜೈಲು?"

"ಯಾವನಯ್ಯಾ ನಿಂಗೀ ಲೆಕ್ಕ ಕಲಿಸಿದ್ದು? ಅವತ್ತು ಶಿಕ್ಷೆ ಎಷ್ಟು ಅಂತ ಬರೆದೇ ಇಲ್ಲ. ಇವತ್ತು ಬರೀತಾರೆ. ತಿರುಗಿ ಬಿಟ್ಟರೂ ಬಿಡಬಹುದು, ಆರು ತಿಂಗಳು ಹಾಕಿದರೂ ಹಾಕಬಹುದು. ಅವರ ಮನಸ್ಸು. ಸೂತಕದ ಸಂಗತಿ ಮಾತ್ರ ಬಿಡದೆ ಹೇಳಿ."

ಒಳಗೆ ಮೈದುನ ಹೇಳಿದ: "ಅವ್ವ ಸತ್ತೋದ್ಲು ಸಾ. ಸೂತ್ಕ."

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ದನಿ ಮೆತ್ತಗೇ ಇತ್ತು. "ಬರಬಾರದು ಅಂತ ನೀನೇ ಅಂದುಕೊಂಡೆಯೋ, ಯಾರಾದರೂ ಹೇಳಿದರೋ? ಹೇಳಿದವರಿದ್ದರೆ ಮುಂದೆ ಬರಲಿ, ಕೇಳೋಣ."

ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಮೈದುನ ತಿರುಗಿದ. ನಮ್ಮ ಮನೆಯ ಹೆಂಗಸರು ಯಾರೂ ಕಟಕಟೆ ಹತ್ತಿದವರಲ್ಲ. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ.

"ಯಾರೂ ಯೋಳ್ಲಿಲ್ಲ ಸಾ. ಮರ್ತೋಯ್ತು" ಅಂದ.

"ಸೂತಕ ಅಂದೆ, ಈಗ ಮರೆವು ಅನ್ನುತ್ತೀಯ. ಯಾವುದು ನಿಜ?"

ಅವನು ಅಂಗಿಯ ಗುಂಡಿ ಹಿಡಿದು ನಿಂತ. ಅವರು ಸ್ವಲ್ಪ ಹೊತ್ತು ಕಾದರು. ನಾನು ಒಂದು ಹೆಜ್ಜೆ ಮುಂದಿಡಲು ಆ ಹೊತ್ತು ಸಾಕಿತ್ತು. ಮತ್ತೆ ಪೆನ್ನು ಎತ್ತಿಕೊಂಡರು. ಬಿಡುಗಡೆ ರದ್ದು, ನಾಲ್ಕು ತಿಂಗಳು ಜೈಲು.

ಪೇದೆಯ ಜೊತೆ ಹಾಸನದ ಜೈಲಿಗೆ ಹೊರಟು, ಇದ್ದಿಲು ಉರಿಸಿ ಓಡುವ ಬಸ್ಸು ಹತ್ತುವಾಗ ಅವನೇ ಮಾತಾಡಿಸಿದ. "ಅತ್ಗೆ, ಗುಂಡಿ ಗಟ್ಯಾಗಿ ಒಲ್ದಿದ್ದೀಯ ಕಣವ್ವ. ನಾಕ್ ತಿಂಗ್ಳು ತಡೀತದೆ."

"ಅಲ್ಲಿ ಬ್ಯಾರೆ ಅಂಗಿ ಕೊಡ್ತಾರೆ, ಬಸ್ ಅತ್ಲಾ" ಎಂದ ಪೇದೆ.

ಮನೆಗೆ ಬಂದಾಗ ಸಂಜೆ ದೀಪ ಹಚ್ಚಿಯಾಗಿತ್ತು. ಓರಗಿತ್ತಿ ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದಳು: "ಓಗ್ಬ್ಯಾಡ ಅಂದೋರು ಯಾರೂಂತ ಕೇಳ್ನಿಲ್ವಾ ಅಕ್ಕ, ಅವ್ರು?" ಸೂತಕದಲ್ಲಿ ನಾನು ಮೈದುನನಿಗೆ ಆ ಮಾತು ಆಡಿದಾಗ ಅವಳು ಪಕ್ಕದಲ್ಲೇ ರಾಗಿ ಕೇರುತ್ತಿದ್ದಳು.

"ಕೇಳುದ್ರು" ಎಂದೆ.

ಅವಳು ಎದ್ದು ಹೋಗಿ ಒಲೆ ಹೊತ್ತಿಸಿದಳು.

ಬೆಳಿಗ್ಗೆ ಬೇಯಿಸಿಟ್ಟ ಹುರುಳಿಗೆ ಖಾರ ಅರೆದು ಬಸ್ಸಾರು ಮಾಡಿ, ಮುದ್ದೆ ಕಟ್ಟಿದೆ. ಯಜಮಾನರು ಒಂದೂವರೆ ಮುದ್ದೆ ಉಂಡರು. ಅವಳು ಅರ್ಧ ಉಂಡು ತಟ್ಟೆಯಲ್ಲೇ ಕೈ ತೊಳೆದಳು. ನಾನು ಸಾರಷ್ಟೇ ಕುಡಿದೆ. ಮೊದಲು ನಿದ್ದೆ ಹೋದವರು ಯಜಮಾನರು. ಗೋಡೆ ಕಡೆ ತಿರುಗಿ ಮಲಗಿದ್ದ ಅವಳಿಗೆ ನಿದ್ದೆ ಬಂತೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.