ನಾಲ್ಕರಿಂದ ಒಂಬತ್ತರವರೆಗೆ ನಮ್ಮ ಮನೆಯ ಕರೆಂಟು

ಬೇಸಿಗೆಯಲ್ಲಿ ಒಂದು ದಿನ ಆಫೀಸಿನಿಂದ ಬಂದು ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆಲ್ಲ ಕತ್ತಲು. ಹಾಲಿನ ತಂಪು ಇಳಿದಿತ್ತು. ಬೆಣ್ಣೆ ಮೆತ್ತಗಾಗಿತ್ತು. ಫ್ರಿಜ್ಜು ಕೆಟ್ಟಿತು ಅಂತ ತಲೆ ಮೇಲೆ ಕೈ ಹೊತ್ತು ನಿಂತೆ.

“ಕೆಟ್ಟಿಲ್ಲ ಬಿಡ. ನಾನ ಬಂದ್ ಮಾಡೀನಿ” ಅಂದರು ಅತ್ತೆ. “ನಾಕು ಹೊಡದಿತ್ತಲ್ಲ? ಒಂಬತ್ತಕ್ಕ ಮತ್ತ ಹಚ್ಚತೀನಿ.”

ಗ್ಯಾರೇಜಿನ ಗೋಡೆಯಲ್ಲಿರುವ ಸ್ವಿಚ್ಚಿನ ಪೆಟ್ಟಿಗೆ ತೆಗೆದು, ಒಂದೊಂದೇ ಆರಿಸಿ ನೋಡಿ, ಫ್ರಿಜ್ಜಿನದನ್ನು ಹುಡುಕಿದ್ದರು. ಎಪ್ಪತ್ತು ದಾಟಿದ ಹೆಂಗಸು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಈ ಅಂಕಣಕ್ಕೆ ಒಳ್ಳೆಯ ಸರಕು ಸಿಕ್ಕಿತು ಅಂತ ಮನಸ್ಸಿನಲ್ಲೇ ಎತ್ತಿಟ್ಟುಕೊಂಡೆ. ಆ ವಾರ ಬರೆಯಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ, ನಗಿಸುವುದಕ್ಕಲ್ಲ.

ಊರಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವಿರುವ ಈ ಪರದೇಶದ ಮಿಲ್ಪಿಟಾಸಿನಲ್ಲಿ ಕರೆಂಟಿಗೆ ದಿನವಿಡೀ ಒಂದೇ ರೇಟಿಲ್ಲ. ಗಂಟೆಗೆ ತಕ್ಕ ರೇಟು. ಮಧ್ಯಾಹ್ನ ಸೋಲಾರ್ ಕರೆಂಟು ಧಾರಾಳವಾಗಿರುತ್ತದೆ, ಅಗ್ಗ. ಸಂಜೆ ಬಿಸಿಲು ಇಳಿಯುತ್ತದೆ, ಜನ ಮನೆಗೆ ಬರುತ್ತಾರೆ, ಎಲ್ಲರೂ ಒಟ್ಟಿಗೆ ಏಸಿ, ಒಲೆ, ಟೀವಿ ಹಚ್ಚುತ್ತಾರೆ. ಆಗ ದುಬಾರಿ. ನಮ್ಮ ಪ್ಲಾನಿನಲ್ಲಿ ಆ ದುಬಾರಿ ಹೊತ್ತು ನಾಲ್ಕರಿಂದ ಒಂಬತ್ತು. ಅಂದರೆ ಮನೆಯಲ್ಲಿ ಮನುಷ್ಯರು ಇರುವ ಹೊತ್ತು. (ಖಾಲಿ ಮನೆಯನ್ನು ತಂಪಾಗಿಡುವುದು ಅಗ್ಗ. ಇದು ನನ್ನ ತಮಾಷೆಯಲ್ಲ, ನಿಜವಾಗಿಯೂ ಹಾಗೇ.)

ಇದು ಸಾಲದು ಅಂತ ನನ್ನ ಗಂಡ ಮಹಾಂತೇಶ ಇನ್ನೊಂದು ಸ್ಕೀಮು ಸೇರಿದ. ಮಾಮೂಲಿ ದಿನಗಳಲ್ಲಿ ಸ್ವಲ್ಪ ರಿಯಾಯಿತಿ. ಆದರೆ ವಿಪರೀತ ಸೆಕೆಯ ಕೆಲವು ದಿನಗಳಲ್ಲಿ ಸಂಜೆಯ ರೇಟು ಒಮ್ಮೆಲೇ ಮೂರು ನಾಲ್ಕು ಪಟ್ಟು. ಹಿಂದಿನ ದಿನವೇ ಫೋನಿಗೆ ಮೆಸೇಜು ಬರುತ್ತದೆ. ಬುದ್ಧಿವಂತರು ಆವತ್ತು ಸಂಜೆ ಏನೂ ಹಚ್ಚದೆ ಕೂತರೆ ಲಾಭ. ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಯಾರೋ ಗೆಳೆಯ ಹೇಳಿದನಂತೆ. ಮುಂಚೆ ಈ ಗಂಡಸರು ಊಟದ ತಟ್ಟೆ ಹಿಡಿದು ಮನೆಗಳ ಬೆಲೆ ಮಾತಾಡುತ್ತಿದ್ದರು. ಈಗ ಕರೆಂಟಿನ ಪ್ಲಾನು. ಅಂದ ಹಾಗೆ, ಆ ಗೆಳೆಯನ ಗ್ಯಾರೇಜಿನಲ್ಲಿ ಗೋಡೆಯಗಲದ ಬ್ಯಾಟರಿ ಇದೆ, ಮಧ್ಯಾಹ್ನದ ಅಗ್ಗದ ಕರೆಂಟು ತುಂಬಿಟ್ಟುಕೊಳ್ಳುವಂಥದ್ದು. ಅವನ ಮನೆ ಸಂಜೆಯೂ ತಂಪು. ನಮಗಿರುವುದು ಪಶ್ಚಿಮಕ್ಕೆ ಮುಖ ಮಾಡಿದ ಟೌನ್‌ಹೌಸು, ಕರೆಂಟಿನ ಒಲೆ ಮತ್ತು ಒಂದು ಆ್ಯಪು.

ಆ್ಯಪಿನ ಬಗ್ಗೆ ಹೇಳಲೇಬೇಕು. ನಾಲ್ಕರ ಮೇಲೆ ಕರೆಂಟು ಕಡಿಮೆ ಉರಿಸಿದರೆ ಫೋನಿನಲ್ಲಿ ಒಂದು ಹಸಿರು ಎಲೆ ಮೂಡುತ್ತದೆ. ಕೆಳಗೆ ಶಭಾಷ್‌ಗಿರಿಯ ಒಂದು ಸಾಲು. ಎಲೆ ಕಂಡರೆ ಮಹಾಂತೇಶನಿಗೆ ಪ್ರಮೋಶನ್ ಸಿಕ್ಕಷ್ಟು ಖುಷಿ. ನಾಲ್ಕನೇ ಕ್ಲಾಸಿನ ಮಗಳು ಶರಣ್ಯ ಇನ್ನೂ ಒಂದು ಹೆಜ್ಜೆ ಮುಂದೆ. ಡ್ರೈಯರು, ಡಿಶ್‌ವಾಶರು, ಏಸಿ, ಒಲೆ, ಎಲ್ಲದರ ಪಕ್ಕದಲ್ಲೂ ಕೆಂಪು ಚುಕ್ಕೆ ಅಂಟಿಸಿದಳು. “ಅಜ್ಜಿ, ನೋ ರೆಡ್ ಡಾಟ್ಸ್ ಆಫ್ಟರ್ ಫೋರ್” ಅಂದಳು. ಅಜ್ಜಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಚುಕ್ಕೆ ಅರ್ಥವಾಯಿತು.

ಅತ್ತೆ ಗದಗಿನವರು. (ನಾನು ಮೈಸೂರಿನವಳು. ನಮ್ಮಿಬ್ಬರ ಸಾರಿನ ಜಗಳ ನಿಮಗೆ ಗೊತ್ತೇ ಇದೆ.) ಕರೆಂಟಿನ ಟೈಮ್‌ಟೇಬಲ್ಲು ಅವರಿಗೆ ಹೊಸದೇನಲ್ಲ. ಕರೆಂಟು ಬಂದಾಗ ನೀರು ಏರಿಸಿ, ಹಿಟ್ಟು ಬೀಸಿಸಿ, ಹೋಗುವುದರೊಳಗೆ ಮಿಕ್ಸರಿನ ಕೆಲಸ ಮುಗಿಸಿ ಸಂಸಾರ ಮಾಡಿದವರು. ಹಾಗಾಗಿ ನಾಲ್ಕರಿಂದ ಒಂಬತ್ತನ್ನು ಅವರು ಯಾರೂ ಕಲಿಸದೆಯೇ ಕಲಿತರು.

“ನಮ್ಮೂರಾಗ ಕರೆಂಟು ತಾನ ಹೋಗತಿತ್ತು” ಅನ್ನುತ್ತಿದ್ದರು. “ಇಲ್ಲೆ ಇದ್ದ ಕರೆಂಟು ನಾವ ಕಳಸತೀವಿ. ಇಷ್ಟ ಫರಕು.”

ಎಷ್ಟು ಸರಿಯಾಗಿ ಹೇಳಿದ್ದರು ಅಂತ ಆಗ ನಮಗೆ ಹೊಳೆಯಲಿಲ್ಲ. ಅದೂ ನಗುವ ಮಾತೇ ಆಯಿತು.

ಏಸಿ ಪೂರ್ತಿ ಆರಿಸಿ ಅಂತ ನಾವು ಯಾರೂ ಹೇಳಿರಲಿಲ್ಲ. ನಾಲ್ಕರ ತನಕ ಮನೆಯನ್ನು ಚೆನ್ನಾಗಿ ತಂಪು ಮಾಡಿಟ್ಟುಕೊಂಡು ಆಮೇಲೆ ಸ್ವಲ್ಪ ಕಡಿಮೆ ಮಾಡುವುದು ಮಹಾಂತೇಶನ ಲೆಕ್ಕ. ಆದರೆ ಅತ್ತೆಗೆ ಈ ಸ್ವಲ್ಪ ಗಿಲ್ಪ ಎಲ್ಲ ಆಗಿಬರುವುದಿಲ್ಲ. ಆರಿಸಿದರೆ ಪೂರ್ತಿ ಆರಿಸಬೇಕು. ಮಗನ ಮನೆಯಲ್ಲಿ ಕೂತು ಉಣ್ಣುವವಳು ಮಗನ ಮನೆಗೆ ಭಾರವಾಗಬಾರದು ಅನ್ನುವುದು ಅವರ ನಂಬಿಕೆ. ಬೇಡ ಅಂದರೂ ಕೇಳುತ್ತಿರಲಿಲ್ಲ ಅಂತ ಈಗ ನಾವು ಹೇಳಿಕೊಳ್ಳುತ್ತೇವೆ. ಬೇಡ ಅಂತ ಗಟ್ಟಿಯಾಗಿ ಅಂದವರು ಯಾರು?

ಶ್ರಾವಣ ಬಂತು, ಊರಲ್ಲಿ ಮಳೆ, ಇಲ್ಲಿ ಕಡು ಬೇಸಿಗೆ. ಶ್ರಾವಣ ಸೋಮವಾರ ಅತ್ತೆಯದು ಒಪ್ಪತ್ತು. ಹಗಲೆಲ್ಲ ಊಟವಿಲ್ಲ. ಸಂಜೆ ದೀಪ ಹಚ್ಚಿ, ಪೂಜೆ ಮಾಡಿ, ಆಮೇಲೆ ಬಿಸಿ ಊಟ. ಬಿಸಿಯೇ ಆಗಬೇಕು, ಅದೇ ಪದ್ಧತಿ. ಮಧ್ಯಾಹ್ನ ಮಾಡಿಟ್ಟ ಅಡುಗೆ ಒಪ್ಪತ್ತಿಗೆ ಆಗುವುದಿಲ್ಲ. ಈಗ ನೋಡಿ ಪೇಚು. ಪೂಜೆ ಮುಗಿಯುವ ಹೊತ್ತು ಒಲೆಯ ಪಕ್ಕದಲ್ಲಿ ಕೆಂಪು ಚುಕ್ಕೆ.

ಅತ್ತೆ ತಾವೇ ದಾರಿ ಹುಡುಕಿದರು. “ಅದಕ್ಕೇನು, ಒಂಬತ್ತಾದ ಮ್ಯಾಲೆ ರೊಟ್ಟಿ ಬಡದರಾತು. ದೇವರೇನು ಗಡಿಯಾರ ನೋಡತಾನೇನು?”

ಸಂಜೆಗೆ ಬಿಡಬೇಕಾದ ಒಪ್ಪತ್ತನ್ನು ಕರೆಂಟಿನ ರೇಟು ಇಳಿದ ಮೇಲೆ ಬಿಡುವುದು. ಮೊದಲ ಸೋಮವಾರ ಹಾಗೇ ಆಯಿತು. ಒಂಬತ್ತೂವರೆಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ನಾವು ರುಚಿಯಾಗಿದೆ ಅಂತ ಚಪ್ಪರಿಸಿಕೊಂಡು ತಿಂದೆವು.

ಎರಡನೇ ಸೋಮವಾರದ ಹಿಂದಿನ ದಿನ ಮೆಸೇಜು ಬಂತು. ನಾಳೆ ವಿಪರೀತ ಸೆಕೆ, ನಾಳೆ ಸಂಜೆ ದೊಡ್ಡ ರೇಟು.

ಆವತ್ತು ನಾನು ಸ್ಯಾನ್ ಮಟಿಯೋದ ಆಫೀಸಿನಲ್ಲಿದ್ದೆ, ಮಹಾಂತೇಶ ಓಕ್ಲ್ಯಾಂಡಿನಲ್ಲಿ. ಎರಡೂ ಕಡೆ ಸ್ವೆಟರು ಹಾಕಿಕೊಳ್ಳುವಷ್ಟು ಏಸಿ. ಮಧ್ಯಾಹ್ನ ಅವನು ಅಮ್ಮನಿಗೆ ಫೋನು ಮಾಡಿದ. “ಅವ್ವಾ, ಇವತ್ತ ಸಂಜೀಕ ಸ್ವಲ್ಪ ಜಾಸ್ತಿ ನೋಡ್ಕೋ” ಅಂದನಂತೆ. ಅವನು ಅಂದದ್ದು ಏಸಿಯ ನಂಬರು ಸ್ವಲ್ಪ ಏರಿಸುವ ವಿಷಯ. ಅವರು ಕೇಳಿಸಿಕೊಂಡದ್ದು ಇವತ್ತು ಏನೂ ಹಚ್ಚಬೇಡ ಅಂತ.

ನಾಲ್ಕೂಕಾಲಿಗೆ ನನ್ನ ಫೋನಿನಲ್ಲಿ ಎಲೆ ಬಂತು. ಐದಕ್ಕೆ ಇನ್ನೊಂದು. ಮಹಾಂತೇಶ ಎರಡರ ಫೋಟೋ ತೆಗೆದು ನಮ್ಮಿಬ್ಬರ ಚಾಟಿಗೆ ಕಳಿಸಿದ. ‘ಅವ್ವ ಭಾಳ ಶಾಣ್ಯಾಕಿ’ ಅಂತ ಬರೆದಿದ್ದ. ನಾನು ಹೆಬ್ಬೆರಳಿನ ಇಮೋಜಿ ಒತ್ತಿದೆ.

ಶರಣ್ಯಳನ್ನು ಡೇಕೇರಿನಿಂದ ಕರೆದುಕೊಂಡು ಫ್ರೀವೇ ದಾಟಿ ಮನೆ ಸೇರುವಾಗ ಆರೂವರೆ. ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆದ ಹಾಗಾಯಿತು. ಪರದೆ ಮುಚ್ಚಿದೆ, ಕಿಟಕಿ ಮುಚ್ಚಿದೆ. ಬಿಸಿಲು ಒಳಗೆ ಬರದಿರಲಿ ಅಂತ ನಾವೇ ಹೇಳಿಕೊಟ್ಟದ್ದು. ಏಸಿ ಇಲ್ಲ, ಫ್ಯಾನೂ ಇಲ್ಲ. ದೇವರ ಮುಂದೆ ಎಣ್ಣೆದೀಪ ಮಾತ್ರ ಉರಿಯುತ್ತಿತ್ತು.

“ಅತ್ತೆ” ಅಂದೆ. ಮಹಡಿ ಹತ್ತಿದೆ.

ಮಹಡಿಯ ಕೋಣೆಯಲ್ಲಿ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು. ನೆಲವಾದರೂ ತಂಪಿರುತ್ತದೆ ಅಂತ ಮಲಗಿದರೋ, ಎದ್ದು ನಿಲ್ಲಲು ಹೋಗಿ ಕುಸಿದರೋ ಗೊತ್ತಿಲ್ಲ. ಅವರಿಗೂ ನೆನಪಿಲ್ಲ. ಮೈ ಕಾದ ಹೆಂಚು. ಬೆವರು ನಿಂತುಹೋಗಿತ್ತು. ಕಣ್ಣು ಅರ್ಧ ತೆರೆದಿತ್ತು, ನನ್ನ ಗುರುತು ಸಿಗಲಿಲ್ಲ. ತಮ್ಮ ತಂಗಿಯ ಹೆಸರು ಹಿಡಿದು ನನ್ನನ್ನು ಕರೆದರು. ಬಿ.ಪಿ.ಗೆ ಅಂತ ಮೂತ್ರ ಹೋಗಿಸುವ ಮಾತ್ರೆ, ಬೆಳಗಿನಿಂದ ಹೊಟ್ಟೆಗಿಲ್ಲ, ಮೇಲಿಂದ ಆ ಕೋಣೆ. ನಾನು ಒದ್ದೆ ಟವೆಲು ಹಾಕುತ್ತಾ, ಫೋನಿನಲ್ಲಿ ಆಂಬುಲೆನ್ಸಿನವರಿಗೆ ವಿಳಾಸ ಹೇಳುತ್ತಾ ಶರಣ್ಯಳಿಗೆ ಏಸಿ ಹಚ್ಚು ಅಂದೆ. ಮಗು ಕೆಂಪು ಚುಕ್ಕೆಯ ಮುಂದೆ ನಿಂತು ನನ್ನ ಮುಖ ನೋಡಿದಳು. ಎರಡನೇ ಸಲ ಕಿರುಚಿದ ಮೇಲೆ ಹಚ್ಚಿದಳು.

ಎಮರ್ಜೆನ್ಸಿಯ ಡಾಕ್ಟರು ಕೇಳಿದರು, ಮನೆಯಲ್ಲಿ ಏಸಿ ಇಲ್ಲವಾ?

ಇದೆ.

ಕೆಟ್ಟಿತ್ತಾ?

ಇಲ್ಲ.

ಅವರು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಮಹಾಂತೇಶ ಕಾರಿಡಾರಿನ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಶರಣ್ಯ ನನ್ನ ಕೈ ಹಿಡಿದು ಮೆಲ್ಲಗೆ ಅಂದಳು, “ಅಜ್ಜಿ ಫಾಲೋಡ್ ದ ರೂಲ್, ಅಮ್ಮ. ಶಿ ಡಿಡಂಟ್ ಡು ಎನಿಥಿಂಗ್ ರಾಂಗ್.”

ಹೌದು ಮಗಳೇ. ರೂಲು ತಪ್ಪದೆ ಪಾಲಿಸಿದ್ದು ಮನೆಯಲ್ಲಿ ಅವರೊಬ್ಬರೇ.

ಅತ್ತೆಗೆ ಸರಿಯಾಗಿ ಮಾತು ಬರುವಷ್ಟರಲ್ಲಿ ಆ ವಾರ ಮುಗಿಯುತ್ತಾ ಬಂದಿತ್ತು. ಮಾನಿಟರು, ಸಲೈನಿನ ಪಂಪು, ತಲೆಯ ಮೇಲೆ ತಣ್ಣನೆಯ ಗಾಳಿ. ಎಲ್ಲವನ್ನೂ ಒಂದು ಸುತ್ತು ನೋಡಿದರು. ಗಡಿಯಾರ ನೋಡಿದರು. “ಇವರಿಗೆ ನಾಕು ಹೊಡಿಯೂದಿಲ್ಲೇನು ವಾಣಿ?” ಅಂತ ನನ್ನನ್ನು ಕೇಳಿದರು. ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಕರೆಂಟಿನ ಕಂಪನಿಯನ್ನು ಬಯ್ಯುವುದು ಸುಲಭ. ಬಯ್ದೂ ಬಯ್ದೆ. ಆದರೆ ಸಂಜೆ ಎಲ್ಲರೂ ಒಟ್ಟಿಗೆ ಹಚ್ಚಿದರೆ ಊರಿಗೆ ಊರೇ ಕತ್ತಲಾಗುತ್ತದೆ ಎಂಬುದು ಸುಳ್ಳಲ್ಲ. ಸ್ವಲ್ಪ ತಡೆಯಿರಿ ಅಂತ ಹೇಳಲು ಅವರಿಗೆ ಗೊತ್ತಿರುವುದು ರೇಟು ಏರಿಸುವುದೊಂದೇ. ಸರಿ, ಆ ಏರಿದ ರೇಟು ಯಾರಿಗೆ ಹೇಳುತ್ತದೆ? ಗ್ಯಾರೇಜಿನಲ್ಲಿ ಬ್ಯಾಟರಿ ಇರುವ ಗೆಳೆಯನಿಗೆ ಅದು ಕೇಳಿಸುವುದೇ ಇಲ್ಲ. ಆಫೀಸಿನಲ್ಲಿ ಪುಕ್ಕಟೆ ಏಸಿಯಲ್ಲಿ ಕೂತ ನಮಗೆ ಅದೊಂದು ಆಟ. ಕೇಳಿಸುವುದು ಆ ಐದು ಗಂಟೆ ಮನೆಯೊಳಗೇ ಇರುವವರಿಗೆ. ಮುದುಕರಿಗೆ, ಬಾಣಂತಿಗೆ, ಹಾಸಿಗೆ ಹಿಡಿದವರಿಗೆ. ಅವರಲ್ಲೂ ಕೆಲವರು ಹೇಳಿದ್ದಕ್ಕಿಂತ ಜಾಸ್ತಿಯೇ ಕೇಳಿಸಿಕೊಳ್ಳುತ್ತಾರೆ. ಜೀವಮಾನವಿಡೀ ಕೊನೆಗೆ ಉಂಡು, ಉಳಿದದ್ದನ್ನು ಉಂಡು ಅಭ್ಯಾಸವಾದವರು. ಅವರ ಹತ್ತಿರ ‘ಸ್ವಲ್ಪ ಕಡಿಮೆ ಮಾಡಿ’ ಅಂದರೆ ತಮ್ಮದನ್ನೇ ಪೂರ್ತಿ ಬಿಟ್ಟುಕೊಡುತ್ತಾರೆ.

ಆ ಸಂಜೆ ನಾವು ಉಳಿಸಿದ ದುಡ್ಡಿಗೆ ಇಲ್ಲಿನ ಮಾಲಿನಲ್ಲಿ ಎರಡು ಮಸಾಲೆ ದೋಸೆ ಬರುತ್ತದೋ ಇಲ್ಲವೋ. ಆ್ಯಪು ಅದನ್ನೂ ತೋರಿಸಿತ್ತು, ಹಸಿರು ಅಕ್ಷರದಲ್ಲಿ.

ಅತ್ತೆ ಮನೆಗೆ ಬಂದಿದ್ದಾರೆ. ಕಿಡ್ನಿ ಮೊದಲಿನಂತಾಗುವುದಿಲ್ಲ ಅಂತ ಡಾಕ್ಟರು ಅಂದಿದ್ದಾರೆ. ನಡೆಯಲು ವಾಕರು ಬೇಕು. ರೊಟ್ಟಿ ಬಡಿಯುವ ಕೈಗೆ ಲೋಟ ಹಿಡಿದರೂ ನಡುಕ. ಒಪ್ಪತ್ತು ನಿಂತಿತು. ಉಳಿದ ಶ್ರಾವಣ ಸೋಮವಾರಗಳಲ್ಲಿ ಬೆಳಗ್ಗೆಯೇ ಗಂಜಿ ಕುಡಿಸುವಾಗ ಗೋಡೆಯ ಕಡೆ ಮುಖ ತಿರುಗಿಸಿದರು. ಮಹಾಂತೇಶ ಸ್ಕೀಮು ಬಿಟ್ಟ, ಆ್ಯಪು ಮಾತ್ರ ಫೋನಿನಲ್ಲಿ ಉಳಿಯಿತು. ಚುಕ್ಕೆಗಳನ್ನು ಶರಣ್ಯ ಉಗುರಿನಿಂದ ಕೆರೆದು ತೆಗೆದಳು, ಗೋಡೆಯ ಬಣ್ಣವೂ ಜೊತೆಗೆ ಬಂತು. ಹಗಲು ನೋಡಿಕೊಳ್ಳಲು ಒಬ್ಬಾಕೆ ಮೂರೂವರೆ ತನಕ ಇರುತ್ತಾಳೆ. ಏಸಿ ಆರಿಸಲೇಬೇಡಿ ಅಂತ ಅತ್ತೆಗೆ ದಿನಾ ಹೇಳುತ್ತೇವೆ. ಹೂಂ ಅನ್ನುತ್ತಾರೆ.

ಮೊನ್ನೆ ಮತ್ತೆ ಸೆಕೆ. ಮೀಟಿಂಗಿನಲ್ಲಿದ್ದೆ. ಮೇಜಿನ ಮೇಲೆ ಫೋನು ಗುಯ್ ಅಂದಿತು. ನಾಲ್ಕು ದಾಟಿತ್ತು. ಹಸಿರು ಎಲೆ.

ಹೊರಗೆ ಓಡಿಬಂದು ಫೋನು ಮಾಡಿದೆ. ನನ್ನ ಪುಣ್ಯ, ಎತ್ತಿದರು. “ಅತ್ತೆ, ಏಸಿ ಆರಿಸಿದ್ರಾ?”

“ನನಗೊಬ್ಬಾಕಿಗೆ ಯಾಕ ಬೇಕವಾ ಅಷ್ಟು ದೊಡ್ಡ ಏಸಿ? ನೀವೆಲ್ಲಾ ಬಂದ ಮ್ಯಾಲೆ ಹಚ್ಚೂಣು.”

ನಿಮ್ಮ ಫೋನಿಗೂ ಹಸಿರು ಎಲೆ ಬರುತ್ತದೆಯಲ್ಲ, ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ?