ಫಾರಂ ಅಕ್ಕ ನಕ್ಕದ್ದು

ಕೇರಿಯವರೆಲ್ಲ ಅವಳನ್ನು ಫಾರಂ ಅಕ್ಕ ಎನ್ನುತ್ತಾರೆ. ಗಂಡ ತೀರಿಕೊಂಡ ವರ್ಷವೇ ಕೋಳಿ ಫಾರಂ ಸೇರಿದಳು. ತಲೆ ನೆರೆಯಿತು, ಕೆಲಸ ಬದಲಾಗಲಿಲ್ಲ. ಬೆಳಿಗ್ಗೆ ಶೆಡ್ಡಿಗೆ ಹೋಗಿ, ಹೊಟ್ಟಿನ ಮೇಲೆ ಓಡಾಡುವ ಮರಿಗಳಲ್ಲಿ ಕಾಲೆಳೆಯುವುದನ್ನೂ ಮೇಯದೆ ಮೂಲೆ ಹಿಡಿದದ್ದನ್ನೂ ಆರಿಸಬೇಕು. ಆರಿಸಿದ್ದರ ಕತ್ತು ಮುರಿಯಬೇಕು. ಅಲ್ಲಿ ಇದಕ್ಕೆ ಕಲ್ಲಿಂಗ್ ಎನ್ನುತ್ತಾರೆ.

ಮೊದಮೊದಲು ಅವಳು ಕಣ್ಣು ಮುಚ್ಚಿಕೊಂಡೇ ಕತ್ತು ಮುರಿಯುತ್ತಿದ್ದಳು. ಆಮೇಲೆ ಆ ಇಂಗ್ಲಿಷ್ ಮಾತೇ ಕೈಹಿಡಿಯಿತು. ಕೊಂದೆ ಎಂದರೆ ಎದೆ ಧಸಕ್ಕೆನ್ನುತ್ತದೆ. ಕಲ್ಲಿಂಗ್ ಆಯಿತು ಎಂದರೆ ಕಸ ಗುಡಿಸಿದಷ್ಟೇ. ಎಬಿಸಿಡಿ ಬಾರದ ಬಾಯಿಗೆ ಅದೊಂದು ಮಾತು ನೀರು ಕುಡಿದಷ್ಟು ಸಲೀಸಾಯಿತು.

ಅವಳ ತಂಗಿಗೆ ಹುಟ್ಟಿನಿಂದ ಒಂದು ಕಾಲು ಗಿಡ್ಡ. ಹೊಲಿಗೆ ಕೆಲಸ ನಿಂತುಹೋಗಿ ಮನೆಯಲ್ಲೇ ಕೂತಿದ್ದಳು. ನೀರಿನ ಬಟ್ಟಲು ತೊಳೆಯಲು ಆಳು ಬೇಕೆಂದು ಕೇಳಿ ಅಕ್ಕನೇ ಅವಳನ್ನು ಫಾರಂಗೆ ಕರೆದೊಯ್ದಳು. ಅವಳು ನಡೆದುಬರುವುದನ್ನೇ ಸೂಪರ್‌ವೈಸರ್ ನೋಡಿದ.

"ಏನಮ್ಮಾ, ದಿನಾ ಇಲ್ಲಿ ಕಲ್ಲಿಂಗ್ ಮಾಡ್ತೀಯ, ಮನೇಲೇ ಒಂದು ಬಾಕಿ ಇಟ್ಕೊಂಡಿದ್ದೀಯಲ್ಲ?"

ಕೆಲಸದ ಹೆಂಗಸರೆಲ್ಲ ಗೊಳ್ಳೆಂದರು. ಅವನು ಏನಂದರೂ ನಗುವುದು ಅಲ್ಲಿಯ ರೂಢಿ. ಅಕ್ಕನೂ ನಕ್ಕಳು. "ನಾಳೆಯಿಂದ ಬರ್ಲಿ ಬಿಡು," ಎಂದ ಅವನು.

ಮನೆಯ ದಾರಿಯಲ್ಲಿ ತಂಗಿ ಕೇಳಿದಳು, "ಅಕ್ಕಾ, ಕಲ್ಲಿಂಗ್ ಅಂದ್ರೇನು?"

"ಏನಿಲ್ಲ ಕಣೇ, ಆರಿಸಿ ಬೇರೆ ಮಾಡೋದು."

"ಬೇರೆ ಮಾಡಿ?"

ಅಕ್ಕ ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿದಳು. "ಸಾಯಿಸೋದು."

"ಎಂಥವನ್ನ? ಕುಂಟೋವನ್ನ ತಾನೇ?"

ಅಕ್ಕ ಎದ್ದು ಮುಂದೆ ಮುಂದೆ ನಡೆಯತೊಡಗಿದಳು.

"ನನಗಾದ್ರೆ ಅರ್ಥ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತಲ್ಲ," ಎಂದಳು ತಂಗಿ. "ಗೊತ್ತಿದ್ದೂ ನಕ್ಕೆ."

ಮರುದಿನ ತಂಗಿ ಕೆಲಸಕ್ಕೆ ಹೊರಡಲಿಲ್ಲ. ಫಾರಂನ ಮೇವಿನ ಕೋಣೆಯಲ್ಲಿ ಅಕ್ಕನಿಗೆ ಸೂಪರ್‌ವೈಸರ್ ಒಬ್ಬನೇ ಸಿಕ್ಕಿ, "ಕಲ್ಲಿಂಗ್ ಆಯ್ತಾ?" ಎಂದ.

"ಕೊಂದಾಯ್ತು ಸಾರ್."

"ಇದೇನಮ್ಮಾ ಹೊಸ ಭಾಷೆ?"

"ನಿನ್ನೆ ನನ್ನ ತಂಗಿಗೆ ಹಾಗನ್ನಬಾರ್ದಿತ್ತು ನೀವು."

"ಅಯ್ಯೋ, ತಮಾಷೆಗಂದೆ," ಎಂದು ಅವನು ಮೂಟೆಗಳ ಕಡೆ ತಿರುಗಿದ.

ಭಾರ ಇಳಿಯಿತೆಂದುಕೊಂಡು ಸಂಜೆ ಮನೆಗೆ ಬಂದವಳೇ ಅಕ್ಕ ಎಲ್ಲ ಹೇಳಿದಳು. ತಂಗಿ ಬಟ್ಟೆ ಮಡಚುತ್ತಲೇ ಕೇಳಿದಳು, "ಆಗ ಅಲ್ಲಿ ಯಾರ್ಯಾರಿದ್ರು?"

"ಅವನೊಬ್ಬನೇ."

"ನಗೋವಾಗ ಎಲ್ರೂ ಇದ್ರು."

ಅಷ್ಟು ಹೇಳಿ ತಂಗಿ ಬಟ್ಟೆ ಒಳಗಿಡಲು ಎದ್ದಳು. ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಮಾರನೆಯ ದಿನ ಹೆಂಗಸರೆಲ್ಲ ಶೆಡ್ಡಿನ ನೆರಳಲ್ಲಿ ಊಟಕ್ಕೆ ಕೂತಿದ್ದರು. ಸೂಪರ್‌ವೈಸರೂ ಅಲ್ಲೇ ಕೈ ತೊಳೆಯುತ್ತಿದ್ದ. ಅಕ್ಕ ಬುತ್ತಿ ಬಿಚ್ಚದೆ ನಿಂತೇ ಇದ್ದಳು.

"ಮೊನ್ನೆ ನನ್ನ ತಂಗಿ ಬಂದಾಗ ನಾನು ನಕ್ಕೆನಲ್ಲ," ಎಂದಳು.

ಯಾರೂ ತಲೆ ಎತ್ತಲಿಲ್ಲ. ಅವಳು ನಿಲ್ಲಿಸಲಿಲ್ಲ. "ಅರ್ಥ ಗೊತ್ತಿದ್ದೂ ನಕ್ಕೆ, ಅದು ತಪ್ಪು."