ಹಿತ್ತಲಿಗೆ ಬಂದ ರಾಮನಾಥಪುರ

ಹೊಳೆನರಸೀಪುರದ ನಮ್ಮ ಬೀದಿಯ ಮನೆಗಳಿಗೆ ಆಗಿನ್ನೂ ಹಿತ್ತಲುಗಳಿದ್ದವು. ಹಗಲು ಹೊತ್ತಿನಲ್ಲಿ ಹಿತ್ತಲ ಬಾಗಿಲಿಗೆ ಯಾರೂ ಚಿಲಕ ಹಾಕುತ್ತಿರಲಿಲ್ಲ. ಕರಿಬೇವು ಬೇಕಾದವರು ಹೇಳದೆ ಕೇಳದೆ ಬಂದು ಕಿತ್ತುಕೊಳ್ಳುತ್ತಿದ್ದರು. ಹೋಗುವಾಗ ನಮ್ಮ ಮನೆಯಲ್ಲಿ ಅವತ್ತು ಏನು ಸಾರು ಎಂದು ವಿಚಾರಿಸಿಕೊಂಡೂ ಹೋಗುತ್ತಿದ್ದರು. ಮೊಬೈಲು ಬಂದಿತ್ತು, ಆದರೆ ಅಪ್ಪನ ಜೇಬು ಬಿಟ್ಟು ಇಳಿದಿರಲಿಲ್ಲ. ಅಂಥದೊಂದು ಬೇಸಿಗೆ ರಜೆಯಲ್ಲಿ ಅಪ್ಪ ಅಜ್ಜಿಗೋಸ್ಕರ ಹಿತ್ತಲಲ್ಲಿ ಮೀನಿನ ತೊಟ್ಟಿ ಕಟ್ಟಿಸಿದ.

ಕಾರಣ ಅಜ್ಜಿಯ ಮಂಡಿ. ತಿಂಗಳಿಗೊಮ್ಮೆ ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ರಾಮನಾಥಪುರಕ್ಕೆ ಹೋಗಿ, ಕಾವೇರಿಯ ಮೆಟ್ಟಿಲಿಳಿದು, ದೇವರ ಮೀನುಗಳಿಗೆ ಕಡಲೆಪುರಿ ಹಾಕಿ ಬಂದರೇ ಅವಳಿಗೆ ಸಮಾಧಾನ. ನನ್ನನ್ನೂ ಕರೆದೊಯ್ಯುತ್ತಿದ್ದಳು. ಪುರಿ ಬಿದ್ದ ಕಡೆ ನೀರು ಕುದಿದಂತಾಗಿ, ಮೊಳದುದ್ದದ ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬರುತ್ತಿದ್ದವು. ಕೋಳಿ, ಕೆರೆಮೀನು ಎಲ್ಲ ತಿನ್ನುವ ಮನೆ ನಮ್ಮದು. ಆದರೂ ಅಲ್ಲಿ ನಿಂತು ಮೀನುಸಾರಿನ ಮಾತೆತ್ತಿದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಮಂಡಿ ಹಿಡಿದುಕೊಂಡ ಮೇಲೆ ಮೆಟ್ಟಿಲಿಳಿಯುವುದು ನಿಂತಿತು. ಅಜ್ಜಿ ಜಗಲಿ ಹಿಡಿದು ಕೂತು ಮಾತು ಕಡಿಮೆ ಮಾಡಿದಳು. ಅವಳು ಮಾತು ಕಡಿಮೆ ಮಾಡಿದ ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ.

"ನೀ ಅಲ್ಲಿಗೆ ಓಗಕ್ಕಾಗ್ದಿದ್ರೆ ಇಲ್ಲಿಗೇ ತರುಸ್ತೀನಿ ಬುಡವ್ವ," ಎಂದ ಅಪ್ಪ.

ಅಪ್ಪ ಕಚೇರಿಯಲ್ಲಿ ಗುಮಾಸ್ತ. ತನಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರನ್ನು ಕೇಳುವ ಅಭ್ಯಾಸ ಅವನಿಗಿರಲಿಲ್ಲ. ತೆಂಗಿನ ಗರಿ ನೀರಿಗೆ ಬೀಳಬಾರದೆಂದು ನೆರಳೇ ಇಲ್ಲದ ಜಾಗ ಆರಿಸಿದ. ಒಂದು ಎಮ್ಮೆ ಮಲಗಿದರೆ ತುಂಬಿಹೋಗುವಷ್ಟು ತೊಟ್ಟಿ. ಅದಕ್ಕೆ ಗೊರೂರಿನ ಕಡೆಯಿಂದ ಚೀಲಗಟ್ಟಲೆ ಮೀನುಮರಿ ತಂದ. "ದಂಡಿಯಾಗಿದ್ರೇನೆ ಸೆಂದ," ಎಂದಳು ಅಜ್ಜಿ. ಅರಿಸಿನ ಕುಂಕುಮ ಇಟ್ಟು, ಗಂಗೆಪೂಜೆ ಮಾಡಿ ಮರಿ ಬಿಟ್ಟೆವು. ಹೊಸ ಸಿಮೆಂಟಿನ ವಾಸನೆಗೆ ಕರ್ಪೂರದ ವಾಸನೆ ಸೇರಿತ್ತು.

ಮೊದಮೊದಲು ಹಬ್ಬವೇ ಹಬ್ಬ. ಅಜ್ಜಿ ತೊಟ್ಟಿಯ ಪಕ್ಕ ಮಣೆ ಹಾಕಿಸಿಕೊಂಡು, ಪುರಿಯ ಡಬ್ಬ ಮಡಿಲಲ್ಲಿಟ್ಟುಕೊಂಡು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದುದು. ಅವಳ ಮಾತು ವಾಪಸ್ಸು ಬಂತು, ಬೈಗುಳವೂ ಬಂತು. ಸುದ್ದಿ ಬೀದಿಗೆಲ್ಲ ಹಬ್ಬಿತು. ಬಸ್ಸು ಹತ್ತದೆ ಸಿಗುವ ಪುಣ್ಯವನ್ನು ಯಾರು ಬಿಡುತ್ತಾರೆ? ಎದುರುಮನೆಯ ಜಯಮ್ಮ ಮಗಳ ಹೆರಿಗೆ ಸಸೂತ್ರವಾಗಲೆಂದು ಹರಕೆ ಹೊತ್ತು ದಿನಾ ಒಂದು ಮೊರ ಪುರಿ ತಂದು ಸುರಿದಳು. ಮುದ್ದೆ ಮಿಕ್ಕವರು ಮುದ್ದೆ ತಂದರು. ಪಕ್ಕದ ಮನೆಯ ಸೊಸೆಗೆ ಕೈತುಂಬ ನರಹುಲಿ. ಬೆಲ್ಲ ಕರಗಿದಂತೆ ಅವೂ ಕರಗಲೆಂದು ಅವಳು ಬೆಲ್ಲದುಂಡೆ ಬಿಟ್ಟಳು. ಬೇಡ ಎನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ದೇವರ ಹೆಸರಲ್ಲಿ ಬಂದವರನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವುದು ಹೇಗೆ?

ನೀರು ಮೊದಲು ಬೇಳೆಕಟ್ಟಿನಂತಾಯಿತು, ಆಮೇಲೆ ಹಸಿರಾಯಿತು. ಹಳಸಿದ ಅಂಬಲಿಯ ವಾಸನೆ ಅಡುಗೆಮನೆಯವರೆಗೂ ಬರತೊಡಗಿತು. ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ನೋಡುತ್ತೇನೆ, ಮೀನುಗಳೆಲ್ಲ ಮೇಲೆ ಬಂದು ಒಂದೇ ಸಮನೆ ಬಾಯಿ ತೆರೆದು ಮುಚ್ಚುತ್ತಿವೆ. ಅಜ್ಜಿಯನ್ನು ಕೂಗಿದೆ. ಅವಳು ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. ಅಷ್ಟು ಸಂತೋಷದ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

"ನೋಡವ್ವ, ರಾಮನಾಥಪುರದವು ಎಂಗೋ ಅಂಗೇ ಬಾಯ್ ಬುಡ್ತವೆ. ಅಸ್ಕಂಡವೆ ಪಾಪ. ಆ ಡಬ್ಬ ತಕಂಬಾ."

ಡಬ್ಬ ತಂದುಕೊಟ್ಟೆ. ಅಜ್ಜಿ ಹಾಕಿದಳು. ಒಂದೂ ತಿನ್ನಲಿಲ್ಲ. "ಯಾಕೋ ಮುನುಸ್ಕಂಡವೆ," ಎಂದು ರಮಿಸುತ್ತಾ ಇನ್ನಷ್ಟು ಹಾಕಿದಳು. ಮಾರನೆಯ ಬೆಳಿಗ್ಗೆ ಕೆಲವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಇನ್ನೂ ಅಗಲವಾಗಿ ಬಾಯಿ ಬಿಟ್ಟವು, ಅಜ್ಜಿ ಇನ್ನೂ ಹೆಚ್ಚು ಹಾಕಿದಳು.

ಗಾಬರಿಯಾದ ಅಪ್ಪ ರಜೆ ಹಾಕಿ, ಬಕೆಟ್ಟಿನಲ್ಲಿ ಎಲ್ಲ ನೀರು ಮೊಗೆದು ಚೆಲ್ಲಿ, ನಲ್ಲಿ ನೀರು ತುಂಬಿಸಿದ. ಬ್ಲೀಚಿಂಗ್ ಪೌಡರಿನ ವಾಸನೆ ಹೋಗಲೆಂದು ನಾವೇ ಒಂದು ರಾತ್ರಿ ಇಟ್ಟು ಕುಡಿಯುತ್ತಿದ್ದ ನೀರು ಅದು. ಮಧ್ಯಾಹ್ನದ ಬಿಸಿಲಿಗೆ ಇನ್ನಷ್ಟು ಸತ್ತವು. ಅಮ್ಮ ಅರಿಸಿನ ಕದಡಿದಳು. ಜಯಮ್ಮ ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿದಳು. ನಾನು ಒಂದು ಮರಿಯನ್ನು ಚೊಂಬಿಗೆ ಹಾಕಿಕೊಂಡು ಮೂಲೆಯಲ್ಲಿ ಕೂತು ಊದಿದೆ. ಬಿದ್ದು ಗಾಯವಾದರೆ ಅಮ್ಮ ಊದುತ್ತಿದ್ದಳಲ್ಲ, ನನಗೆ ಗೊತ್ತಿದ್ದ ವೈದ್ಯ ಅದೊಂದೇ. ಊದುತ್ತಲೇ ಇದ್ದೆ. ಅದು ಚೊಂಬಿನಲ್ಲೇ ವಾಲಿಕೊಂಡಿತು. ಯಾರನ್ನು ಕೇಳುವುದು, ಯಾರ ಮೇಲೆ ಸಿಟ್ಟಾಗುವುದು ತಿಳಿಯದೆ ಜೋರಾಗಿ ಅತ್ತುಬಿಟ್ಟೆ.

ಸಂಜೆ ಅಪ್ಪ ಕೊನೆಗೂ ತನ್ನ ಸ್ನೇಹಿತ, ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ಶಿವಣ್ಣ ಮೇಷ್ಟ್ರನ್ನು ಕರೆತಂದ. ಅವರು ತೊಟ್ಟಿಗೆ ಬಗ್ಗಿ ಸ್ವಲ್ಪ ಹೊತ್ತು ನೋಡಿದರು.

"ಹಸಿವಲ್ಲ ಕಣಯ್ಯ, ಉಸಿರಿಗೆ ಬಾಯ್ ಬಿಡ್ತಿರೋದು. ಹಾಕಿದ್ದೆಲ್ಲ ಕೊಳೆತು ನೀರಲ್ಲಿ ಗಾಳಿನೇ ಉಳಿದಿಲ್ಲ. ಮೊದಲು ಹಾಕೋದು ನಿಲ್ಲಿಸಬೇಕಿತ್ತು."

ಅಪ್ಪ ಕಣ್ಣಲ್ಲೇ ಸುಮ್ಮನಿರಿ ಎಂದ. ಆದರೆ ಹಿಂದೆ ಅಜ್ಜಿ ನಿಂತಿದ್ದಳು. ಡಬ್ಬವನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟಳು.

"ಬಾಯ್ ಬುಟ್ಟೋರೆಲ್ಲ ಅಸ್ದೋರು ಅಂತಿದ್ದೆ ಕಣಪ್ಪ," ಎಂದಳು. "ನನ್ ಕೈಯಾರೆ ಆಕ್ದೆ."

"ನಿಮಗೇನ್ ಗೊತ್ತಿತ್ತು, ಬಿಡಿ ಅಮ್ಮ," ಎಂದರು ಮೇಷ್ಟ್ರು.

ಉಳಿದ ಮೀನುಗಳನ್ನು ಅಪ್ಪ, ನಾನು ಬಕೆಟ್ಟಿನಲ್ಲಿ ಹೊತ್ತು ಹೇಮಾವತಿಗೆ ಬಿಟ್ಟೆವು. ಬದುಕಿದವೋ ಇಲ್ಲವೋ ಗೊತ್ತಿಲ್ಲ. ಮುಂದೆ ಚಿಕ್ಕಪ್ಪ ಕಾರು ತಂದು, ಎತ್ತಿಕೊಂಡೇ ಮೆಟ್ಟಿಲಿಳಿಸುತ್ತೇನೆ, ರಾಮನಾಥಪುರಕ್ಕೆ ಬಾ ಎಂದ. "ಯಾವ್ ಮಕ ಇಟ್ಕಂಡು ಓಗ್ಲಿ," ಎಂದಳು ಅಜ್ಜಿ. ಸಾಯುವವರೆಗೂ ಅಲ್ಲಿಗೆ ಹೋಗಲಿಲ್ಲ. ನಾವು ಎಷ್ಟು ಹೇಳಿದರೂ ಅವಳ ಮನಸ್ಸಿನಿಂದ ಅದನ್ನು ತೆಗೆಯಲಾಗಲಿಲ್ಲ.

ಈಗ ಹಾಸನದ ನಮ್ಮ ಮನೆಯಲ್ಲೂ ಮೀನುಗಳಿವೆ. ಗಾಜಿನ ತೊಟ್ಟಿ, ಗಾಳಿ ಊದುವ ಸಣ್ಣ ಮೋಟಾರು. ಮಗಳು ಫೋನಿನಲ್ಲಿ ನೋಡಿಕೊಂಡು ಚಿಟಿಕೆಯಲ್ಲಿ ಅಳೆದು ಆಹಾರ ಹಾಕುತ್ತಾಳೆ. ಒಂದು ಮೀನೂ ಸತ್ತಿಲ್ಲ. ನಮ್ಮಲ್ಲಿ ಮೀನಿರುವುದು ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಹಿತ್ತಲಂತೂ ಇಲ್ಲವೇ ಇಲ್ಲ.

ಮೊನ್ನೆ ಕೆಲಸದಿಂದ ಬಂದು ಕೂತವಳು ಬಾಯಿ ತುಂಬ ಆಕಳಿಸಿದೆ. "ನಿದ್ದೆ ಬಂತಾ? ಮಲಕ್ಕೋ," ಎಂದರು ನಮ್ಮ ಮನೆಯವರು, ಫೋನಿನಿಂದ ತಲೆಯೆತ್ತದೆ. ಸರಿಯಾದ ಮಾತೇ, ನನಗೆ ನಿದ್ದೆಯೇ ಬಂದಿತ್ತು. ಅಜ್ಜಿಯಾಗಿದ್ದರೆ ತಟ್ಟೆ ಹಾಕುತ್ತಿದ್ದಳು.